ವರ್ಷಕ್ಕೊಂದೇ ಇಳಿತ: ಬಾಗಲಕೋಟೆ ಹಿನ್ನೀರಲ್ಲಿ ಚಳಿಗಾಲದ ಹಕ್ಕಿ ನೋಡುವುದು ಹೇಗೆ

ಬಾಗಲಕೋಟೆ–ವಿಜಯಪುರ ರೂಟಿನಲ್ಲಿ ನಾನು 11 ವರ್ಷ ಕಂಡಕ್ಟರ್ ಆಗಿದ್ದೆ. ಚಳಿಗಾಲದಲ್ಲಿ ಅನಗವಾಡಿ ಸೇತುವೆ ಮೇಲೆ ಬಸ್ಸು ಹಾಯುವಾಗ ದೂರದ ನೀರಂಚಿಗೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ಯಾರೋ ಸಾಲಾಗಿ ಧೋತರ ಒಣಹಾಕಿದ್ದಾರೆ ಅಂದುಕೊಂಡಿದ್ದೆ. ಟಿಕೆಟ್ ಹರಿಯುವ ಗಡಿಬಿಡಿಯಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ? ಒಂದು ಸಲ ಸೇತುವೆ ದಾಟಿದ ಕೂಡಲೇ ಟೈರ್ ಪಂಕ್ಚರ್ ಆಯಿತು. ಡ್ರೈವರ್ ಜಾಕ್ ಹಚ್ಚುತ್ತಿದ್ದ, ಪ್ಯಾಸೆಂಜರ್‌ಗಳು ಇಬ್ಬರಿಗೂ ಸೇರಿಸಿ ಬೈಯುತ್ತಿದ್ದರು. ನಾನು ಸುಮ್ನೆ ರಸ್ತೆ ಬದಿಗೆ ಹೋಗಿ ನಿಂತೆ. ಆಗ ಆ ಧೋತರಗಳು ಎದ್ದು ಹಾರಿದವು. ರೆಕ್ಕೆ ಬಿಚ್ಚಿದ್ದೇ ತಡ, ಒಳಗೆ ಕುಂಕುಮ ಚೆಲ್ಲಿದಂಥ ಕೆಂಪು, ಅಂಚಿಗೆ ಕಡುಕಪ್ಪು. ಬೈಯುತ್ತಿದ್ದವರೂ ಒಂದು ನಿಮಿಷ ಸುಮ್ಮನಾದರು.

ಅವು ರಾಜಹಂಸಗಳು. ಹನ್ನೊಂದು ವರ್ಷ ನಾನು ಧೋತರ ಅಂದುಕೊಂಡಿದ್ದು ಅವನ್ನೇ.

ಈಗ ರಿಟೈರ್ ಆಗಿದ್ದೇನೆ. ನವನಗರದಲ್ಲಿ ಮನೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಭಾನುವಾರ ಬೆಳಗ್ಗೆ ನಾನು ಮನೆಯಲ್ಲಿ ಸಿಗುವುದಿಲ್ಲ. ಎಲ್ಲಿ ಹೋಗಬೇಕು, ಏನು ಒಯ್ಯಬೇಕು, ನಮಗೆ ಯಾಕೆ ಹಕ್ಕಿ ಕಾಣಲಿಲ್ಲ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ಮೊದಲು ನೀರಿನ ಲೆಕ್ಕ

ಹಿನ್ನೀರಿಗೆ ಹೋಗಿ ಬಂದ ಹೆಚ್ಚಿನವರು ಹೇಳುವುದು ಒಂದೇ ಮಾತು: "ಬರೇ ನೀರ ಐತ್ರಿ, ಹಕ್ಕಿ ಏನೂ ಇಲ್ಲ." ಅವರು ನೀರನ್ನು ನೋಡಲು ಹೋಗಿರುತ್ತಾರೆ. ಹಕ್ಕಿ ಇರುವುದು ನೀರಿನಲ್ಲಲ್ಲ, ನೀರು ಬಿಟ್ಟುಹೋದ ಜಾಗದಲ್ಲಿ.

ಇದು ನನಗೆ ತಿಳಿದದ್ದು ಕುಮಟಾದಲ್ಲಿ. ಬೀಗರ ಮನೆಗೆ ಹೋದಾಗ ಅಘನಾಶಿನಿ ಅಳಿವೆ ನೋಡಲು ಹೋಗಿದ್ದೆ. ಅಲ್ಲಿ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ಕೆಸರು ಬಯಲಾಗುತ್ತದೆ. ಹಕ್ಕಿಗಳು ಆ ಬಯಲಿಗೆ ಹರಡಿಕೊಂಡು ಹುಳ, ಸಿಗಡಿಮರಿ, ಚಿಪ್ಪಿನ ಜೀವ ಹೆಕ್ಕುತ್ತವೆ. ಏರುವಾಗ ನೀರು ಅವನ್ನು ದಡದ ಕಡೆ ತಳ್ಳುತ್ತಾ ಬರುತ್ತದೆ. ಹಾಗಾಗಿ ಕರಾವಳಿಯಲ್ಲಿ ಹಕ್ಕಿ ನೋಡುವವರು ಮೊದಲು ನೋಡುವುದು ಉಬ್ಬರದ ಹೊತ್ತನ್ನು. ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮುಂಚೆ ದಡದಲ್ಲಿ ಕೂತರೆ ಸಾಕು, ಹಕ್ಕಿಗಳೇ ಎದುರಿಗೆ ಬರುತ್ತವೆ.

ನಮ್ಮಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಆದರೆ ಯೋಚನೆ ಮಾಡಿ ನೋಡಿದರೆ ನಮ್ಮಲ್ಲೂ ಉಬ್ಬರ ಇಳಿತ ಇದೆ. ವರ್ಷಕ್ಕೆ ಒಂದೇ ಉಬ್ಬರ, ಒಂದೇ ಇಳಿತ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಕೃಷ್ಣೆ ತುಂಬಿ ಬಂದು ಆಲಮಟ್ಟಿ ಜಲಾಶಯ ಏರುತ್ತದೆ. ಪೂರ್ತಿ ತುಂಬಿದಾಗ ಮಟ್ಟ 519.60 ಮೀಟರ್, ನೀರು ಸುಮಾರು 123 ಟಿಎಂಸಿ. ಆ ನೀರು ಘಟಪ್ರಭೆಯೊಳಗೂ ಹಿಂದಕ್ಕೆ ಒತ್ತಿಕೊಂಡು ನಮ್ಮ ಬಾಗಲಕೋಟೆವರೆಗೆ ಬಂದು ನಿಲ್ಲುತ್ತದೆ. ಅದೇ ಉಬ್ಬರ. ಮಳೆ ನಿಂತ ಮೇಲೆ ಕಾಲುವೆಗೆ, ಕರೆಂಟಿಗೆ, ಕುಡಿಯಲು ನೀರು ಬಿಡುತ್ತಾ ಹೋಗುತ್ತಾರೆ. ಮೇವರೆಗೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ನಮ್ಮದು ಎರೆಭೂಮಿ, ಬಹುಪಾಲು ಸಮತಟ್ಟು. ನೀರು ಒಂದು ಮೊಳ ಇಳಿದರೂ ದಡ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಹೋದ ವಾರ ನೀರಿದ್ದ ಜಾಗ ಈ ವಾರ ಹಸಿ ಕೆಸರು. ಹಕ್ಕಿಗಳಿಗೆ ಬೇಕಾದ ಊಟದ ತಟ್ಟೆ ಅದು.

ಹಾಗಾಗಿ "ಯಾವ ಊರಿಗೆ ಹೋಗಬೇಕು" ಅಂತ ಕೇಳಿದರೆ ನಾನು ಹೆರಕಲ್, ಅನಗವಾಡಿ, ಇಲ್ಲವೇ ಕೃಷ್ಣೆ–ಘಟಪ್ರಭೆ ಕೂಡುವ ಚಿಕ್ಕಸಂಗಮ ಅಂತ ಹೇಳುತ್ತೇನೆ. ಜೊತೆಗೆ ಇದನ್ನೂ ಹೇಳುತ್ತೇನೆ: ಡಿಸೆಂಬರಿನಲ್ಲಿ ಚೆನ್ನಾಗಿದ್ದ ಜಾಗ ಫೆಬ್ರುವರಿಯಲ್ಲಿ ಒಣ ಹೊಲವಾಗಿರುತ್ತದೆ. ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿ. ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಹೋದಾಗಲೆಲ್ಲ ನೀರಂಚಿಗೆ ಒಂದು ಜಾಲಿ ಗೂಟ ಚುಚ್ಚಿ ಬರುತ್ತೇನೆ. ಮುಂದಿನ ಭಾನುವಾರ ಗೂಟದಿಂದ ನೀರಿನವರೆಗೆ ಹೆಜ್ಜೆ ಹಾಕಿದರೆ ಎಷ್ಟು ಇಳಿದಿದೆ ಗೊತ್ತಾಗುತ್ತದೆ. ಜಾಸ್ತಿ ಇಳಿದಿದ್ದರೆ ಆ ದಿನ ಹಬ್ಬ. ಕಾಲುವೆ ನಿಲ್ಲಿಸಿ ನೀರು ನಿಂತಲ್ಲೇ ನಿಂತಿದ್ದರೆ ಕೆಸರಿನ ಮೇಲ್ಪದರ ಒಣಗಿರುತ್ತದೆ, ಹಕ್ಕಿ ಬೇರೆ ಕಡೆ ಹೋಗಿರುತ್ತವೆ.

ಯಾವಾಗ ಏನು ಬರುತ್ತದೆ

ಕ್ಯಾಲೆಂಡರ್ ತಿಂಗಳಿಗಿಂತ ನನಗೆ ನಮ್ಮ ಹಬ್ಬಗಳ ಲೆಕ್ಕವೇ ಸುಲಭ. ಸೀಗಿ ಹುಣ್ಣಿಮೆ ಸುಮಾರಿಗೆ ಬಾಲ ಕುಣಿಸುವ ಕುಂಡೆಕುಸ್ಕಗಳು ಬಂದಿರುತ್ತವೆ. ದೀಪಾವಳಿ ಕಳೆದ ಮೇಲೆ ಕೆಸರಿನಲ್ಲಿ ಹುಳ ಹೆಕ್ಕುವ ಸಣ್ಣ ಗೊರವಗಳು, ಬಾತುಗಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಪಟ್ಟೆತಲೆ ಹೆಬ್ಬಾತು ಗ್ಯಾರಂಟಿ. ರಾಜಹಂಸಕ್ಕೆ ಮೊಣಕಾಲು ಮುಳುಗುವಷ್ಟೇ ನೀರು ಬೇಕು, ಹಾಗಾಗಿ ನೀರು ಚೆನ್ನಾಗಿ ಇಳಿದ ಮೇಲೇ, ಅಂದರೆ ಸಂಕ್ರಾಂತಿ ನಂತರವೇ ಅದರ ಹಿಂಡು ಕೂಡುವುದು. ಅವು ಕೆಲವು ವರ್ಷ ಬೇಸಿಗೆಯಲ್ಲೂ ಇಲ್ಲೇ ಇರುತ್ತವೆ. ಹೆಬ್ಬಾತು ಹಾಗಲ್ಲ. ನಮ್ಮೂರಲ್ಲಿ ಹೋಳಿ ಹಲಗಿ ಶುರುವಾಗುವ ಹೊತ್ತಿಗೆ ಅವು ಗಂಟುಮೂಟೆ ಕಟ್ಟಿರುತ್ತವೆ.

ಹೊರಡುವುದು ಕತ್ತಲಲ್ಲೇ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು ಏಳಕ್ಕೆ. ಆರೂವರೆಗೆ ನೀವು ದಡದಲ್ಲಿರಬೇಕು. ಕಾರಣ ಹೆಬ್ಬಾತು. ಅವು ರಾತ್ರಿ ಹೊಲಗಳಿಗೆ ಹೋಗಿ ಮೇಯುತ್ತವೆ. ಬೆಳಕು ಹರಿಯುವಾಗ ಸಾಲುಸಾಲಾಗಿ ನೀರಿಗೆ ವಾಪಸ್ ಬರುತ್ತವೆ. ಮೊದಲು ದನಿ ಕೇಳುತ್ತದೆ, ಮೂಗಿನಲ್ಲಿ ಕೂಗಿದ ಹಾಗೆ. ಆಮೇಲೆ ತಲೆ ಮೇಲೆ ಗೆರೆ ಹಾಯುತ್ತದೆ. ಎಂಟು ಗಂಟೆಗೆ ಹೋದರೆ ಅವು ದೂರದ ನಡುಗಡ್ಡೆಯ ಮೇಲೆ ನಿದ್ದೆ ಮಾಡುತ್ತಿರುತ್ತವೆ, ಕಲ್ಲಿನ ಹಾಗೆ ಕಾಣುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬಂದ ಹಕ್ಕಿ ಅದು. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದನ್ನು ಬೆನ್ನಿಗೆ ಯಂತ್ರ ಕಟ್ಟಿ ಅಳೆದಿದ್ದಾರೆ. ಅಷ್ಟು ದೂರದಿಂದ ಬಂದವರನ್ನು ನೋಡಲು ನಾವು ಒಂದು ಗಂಟೆ ಬೇಗ ಏಳಬಹುದು, ಅಲ್ವಾ?

ಏನು ಒಯ್ಯಬೇಕು

ದುರ್ಬೀನು ಬೇಕೇ ಬೇಕು. ಅದರ ಮೇಲೆ 8x42 ಅಂತ ಬರೆದಿರುತ್ತದೆ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಅಂಗಡಿಯವರು 20 ಪಟ್ಟಿನದು ತೋರಿಸಿ ಆಸೆ ಹಚ್ಚುತ್ತಾರೆ. ಬೇಡ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಗಿದ್ದು ಜಾಸ್ತಿ ಕಾಣುತ್ತದೆ, ಬೆಳಕು ಕಡಿಮೆಯಾಗುತ್ತದೆ. ಕನ್ನಡಕ ಇದ್ದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕೆಳಗೆ ತಿರುಗಿಸಿ ಇಟ್ಟುಕೊಳ್ಳಿ. ಬಲಗಣ್ಣಿನ ಹತ್ತಿರ ಒಂದು ಸಣ್ಣ ಬಳೆ ಇರುತ್ತದೆ. ಮೊದಲು ಎಡಗಣ್ಣಿನಿಂದ ಮಾತ್ರ ನೋಡಿ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಬಲಗಣ್ಣು ಮಾತ್ರ ತೆರೆದು ಆ ಬಳೆ ತಿರುಗಿಸಿ. ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟುವ ಕೆಲಸ ಇಲ್ಲ. ನನಗಿದು ಗೊತ್ತಿಲ್ಲದೆ ಮೊದಲ ಚಳಿಗಾಲವಿಡೀ ಮಂಜುಮಂಜು ನೋಡಿ ತಲೆನೋವು ತಂದುಕೊಂಡೆ. ದುರ್ಬೀನು ಸರಿ ಇಲ್ಲ ಅಂತ ಅಂಗಡಿಯವನ ಹತ್ತಿರ ಜಗಳಕ್ಕೂ ಹೋಗಿದ್ದೆ.

ಹಕ್ಕಿಯನ್ನು ದುರ್ಬೀನಿನಲ್ಲಿ ಹುಡುಕಬೇಡಿ. ಬರಿಗಣ್ಣಿಗೆ ಕಂಡ ಮೇಲೆ, ಕಣ್ಣು ಕದಲಿಸದೆ, ದುರ್ಬೀನನ್ನು ಕಣ್ಣಿಗೆ ತನ್ನಿ. ಸುಲಭ ಅನ್ನಿಸುತ್ತದೆ. ಮನೆಯ ಮಾಳಿಗೆ ಮೇಲೆ ನಿಂತು ಎದುರಿನ ಮನೆಯ ಡಿಶ್ ಮೇಲೆ ಕೂತ ಕಾಗೆ ಹಿಡಿದು ಅಭ್ಯಾಸ ಮಾಡಿ. ಎದುರು ಮನೆಯವರಿಗೆ ಮೊದಲು ಹೇಳಿ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನಮ್ಮ ಕಡೆ ಹಿರಿಯರು ಬಿಳಿ ಅಂಗಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಬರುತ್ತಾರೆ. ಬಯಲಿನಲ್ಲಿ ಅದು ಒಂದು ಮೈಲಿಗೆ ಕಾಣುತ್ತದೆ. ಎಲ್ಲಕ್ಕಿಂತ ಚಲೋ ಅಂದರೆ ಕುರಿ ಕಂಬಳಿ. ಬೆಳಗಿನ ಚಳಿಗೆ ಹೊದೆಯಲು ಆಯಿತು, ಒದ್ದೆ ನೆಲಕ್ಕೆ ಹಾಸಲು ಆಯಿತು. ಇನ್ನೊಂದು ಗುಟ್ಟಿದೆ. ಹಿನ್ನೀರ ದಡದಲ್ಲಿ ಕುರಿಗಾರರು ದಿನಾ ಓಡಾಡುತ್ತಾರೆ, ಹಕ್ಕಿಗಳಿಗೆ ಅವರ ರೂಢಿ ಇದೆ. ಕಂಬಳಿ ಹೊದ್ದು, ಕೈಯಲ್ಲೊಂದು ಬಡಿಗೆ ಹಿಡಿದು, ಕುರಿಗಾರನ ಹಾಗೆ ನಿಧಾನ ನಡೆದರೆ ಅವು ನಮ್ಮನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನೀರು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಫೋನಿನಲ್ಲಿ ಮರ್ಲಿನ್ ಅಂತ ಹಕ್ಕಿ ಗುರುತಿಸುವ ಆ್ಯಪ್ ಇದೆ, ಪುಕ್ಕಟೆ. ಭಾರತದ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ, ದಡದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಆ ಬಡಿಗೆ ಇದೆಯಲ್ಲ, ಅದು ಸೋಗಿಗೆ ಮಾತ್ರ ಅಲ್ಲ.

ರಾಡಿ

ನೀರು ಬಿಟ್ಟ ಎರೆಮಣ್ಣು ಮೇಲಿಂದ ಒಣಗಿ ಬಿರುಕು ಬಿಡುತ್ತದೆ. ನೋಡಿದರೆ ಅಂಗಳ ಇದ್ದ ಹಾಗೆ ಇರುತ್ತದೆ. ಅದರ ಕೆಳಗೆ ಮೊಣಕಾಲುದ್ದ ಹೂಳು. ಎರಡನೇ ವರ್ಷ ಹೆರಕಲ್ ಹತ್ತಿರ ಚಕ್ರವಾಕ ಅನ್ನುವ ಬಾತಿನ ಒಂದು ಜೋಡಿ ಕಂಡಿತು ಅಂತ ದಡ ಬಿಟ್ಟು ನೇರ ನಡೆದೆ. ಹತ್ತು ಹೆಜ್ಜೆ ಗಟ್ಟಿ ಇತ್ತು. ಹನ್ನೊಂದನೆಯದಕ್ಕೆ ಬಲಗಾಲು ತೊಡೆಯವರೆಗೆ ಇಳಿಯಿತು. ಎಳೆದಷ್ಟೂ ಕೆಳಗೆ ಹಿಡಿಯುತ್ತದೆ, ಯಾರೋ ಪಾದ ಹಿಡಿದು ಜಗ್ಗಿದ ಹಾಗೆ. ಹೆದರಿಕೆಗೆ ಎಡಗಾಲಿಗೆ ಭಾರ ಹಾಕಿದೆ, ಅದೂ ಹೋಯಿತು.

ತೆಪ್ಪದಲ್ಲಿ ಬಲೆ ಎತ್ತುತ್ತಿದ್ದ ಮೀನುಗಾರನೊಬ್ಬ ಅಲ್ಲಿಂದಲೇ ಕೂಗಿದ: "ಸಾಹೇಬ್ರ, ಜಗ್ಗಬ್ಯಾಡ್ರಿ! ಕುಂಡಿ ಊರಿ ಹಿಂದಕ್ಕ ಮಕ್ಕೋರಿ!"

ಮರ್ಯಾದೆ ಬಿಟ್ಟು ಹಿಂದಕ್ಕೆ ಮಲಗಿದೆ. ಮೈಭಾರ ಬೆನ್ನಿಗೆ ಹಂಚಿಹೋಯಿತು. ಪಾದವನ್ನು ಸ್ವಲ್ಪಸ್ವಲ್ಪವೇ ಅಲ್ಲಾಡಿಸುತ್ತಾ ಹೋದರೆ ಹೂಳಿನೊಳಗೆ ಪಕ್ಕದಿಂದ ನೀರು ಇಳಿದು ಹಿಡಿತ ಸಡಿಲವಾಗುತ್ತದೆ. ಕಾಲು ಗಂಟೆ ಹಿಡಿಯಿತು. ಕಾಲು ಬಂತು, ಬಲಗಾಲಿನ ಚಪ್ಪಲಿ ಬರಲಿಲ್ಲ. ಚಕ್ರವಾಕಗಳು ಅಷ್ಟೂ ಹೊತ್ತು ಅಲ್ಲೇ ನಿಂತು ನೋಡುತ್ತಿದ್ದವು.

ಅಂದಿನಿಂದ ನನ್ನ ನಿಯಮ ಒಂದೇ: ಎದುರಿಗೆ ಬಡಿಗೆ ಚುಚ್ಚು, ಒಂದು ಗೇಣಿಗಿಂತ ಜಾಸ್ತಿ ಇಳಿದರೆ ಅಲ್ಲಿಂದ ವಾಪಸ್. ದನದ ಹೆಜ್ಜೆ ಇರುವ ಕಡೆ ಮಾತ್ರ ನಡೆಯಿರಿ. ಒಬ್ಬರೇ ಹೋಗಬೇಡಿ. ಚಪ್ಪಲಿ ಬೇಡ, ಲೇಸು ಕಟ್ಟುವ ಹಳೆ ಬೂಟು ಇರಲಿ.

ದಡಕ್ಕೆ ಹೋಗುವ ದಾರಿಯಲ್ಲಿ ಹೊಲಗಳಿರುತ್ತವೆ. ಕೇಳಿ ಹೋಗಿ. ಯಾರೂ ಇಲ್ಲ ಅನ್ನುವ ಹಾಗಿಲ್ಲ, ಒಬ್ಬರಾದರೂ ಇದ್ದೇ ಇರುತ್ತಾರೆ. "ಬರ್ರಿ, ಆದ್ರ ಬದುವಿನ ಮ್ಯಾಲ ನಡೀರಿ, ಕಡ್ಲಿ ತುಳೀಬ್ಯಾಡ್ರಿ" ಅನ್ನುತ್ತಾರೆ. ಕಡಲೆ ಹೊಲದಲ್ಲಿ ಹಾಯದಿರುವುದು ನಿಮಗೂ ಒಳ್ಳೆಯದು. ಬೆಳಗಿನ ಇಬ್ಬನಿಗೆ ಕಡಲೆ ಗಿಡದ ಹುಳಿ ಸೇರಿರುತ್ತದೆ, ಬರಿಗಾಲಿಗೆ ತಾಗಿದರೆ ಉರಿ ಹತ್ತುತ್ತದೆ. ಬರುವಾಗ ಒಂದು ಹಿಡಿ ಸುಲಗಾಯಿ ಕೊಟ್ಟರೆ ಬೇಡ ಅನ್ನಬೇಡಿ.

ಯಾರ ಸೀಟು ಎಲ್ಲಿ

ಹೊಸಬರು ಪುಸ್ತಕ ತೆಗೆದು ಒಂದೊಂದೇ ಹಕ್ಕಿಯ ಬಣ್ಣ ಹೊಂದಿಸಲು ಕೂರುತ್ತಾರೆ. ಚಳಿಗಾಲದಲ್ಲಿ ಅರ್ಧ ಹಕ್ಕಿಗಳು ಬೂದು ಕಂದು ಬಣ್ಣದಲ್ಲೇ ಇರುತ್ತವೆ, ತಲೆ ಕೆಡುತ್ತದೆ. ನಾನು ಮೊದಲು ನೋಡುವುದು ಹಕ್ಕಿ ಎಲ್ಲಿ ನಿಂತಿದೆ ಅಂತ. ಬಸ್ಸಿನಲ್ಲಿ ಮಹಿಳೆಯರಿಗೆ, ಹಿರಿಯರಿಗೆ ಅಂತ ಸೀಟು ಇದ್ದ ಹಾಗೆ ಇಲ್ಲಿ ಕಾಲಿನ ಉದ್ದ ನೋಡಿ ಸೀಟು.

ಒಣ ದಡ ಟಿಟ್ಟಿಭ ಮತ್ತು ಕುಂಡೆಕುಸ್ಕಗಳದು. ಟಿಟ್ಟಿಭದ ಪರಿಚಯ ಬೇಕಿಲ್ಲ. ನೀವು ಬಂದದ್ದನ್ನು ಊರಿಗೆಲ್ಲ ಸಾರುವುದು ಅದೇ. ಅದು ಕೂಗಿ ಎದ್ದರೆ ನಿಂತುಬಿಡಿ. ಅದು ಸುಮ್ಮನಾಗುವವರೆಗೆ ಮುಂದೆ ಹೋಗಬೇಡಿ, ಇಲ್ಲವಾದರೆ ಉಳಿದವೂ ಏಳುತ್ತವೆ.

ಹಸಿ ಕೆಸರಿನಲ್ಲಿ ಸಣ್ಣ ಗೊರವಗಳು. ಪಾದ ಮುಳುಗುವ ನೀರಿನಲ್ಲಿ ಮೆಟ್ಟುಗಾಲು ಹಕ್ಕಿ, ಕೆಂಪು ಕಡ್ಡಿಯಂಥ ಕಾಲು, ಕಪ್ಪು ರೆಕ್ಕೆ, ಬಿಳಿ ಮೈ. ಇದನ್ನು ತಪ್ಪಾಗಿ ಗುರುತಿಸಲು ಸಾಧ್ಯವೇ ಇಲ್ಲ, ಅದಕ್ಕೇ ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಅದರ ಜೊತೆಗೇ ಚಮಚದ ಕೊಕ್ಕಿನ ಹಕ್ಕಿ, ಕೊಕ್ಕನ್ನು ನೀರಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ಕಸ ಹೊಡೆದ ಹಾಗೆ ನಡೆಯುತ್ತದೆ. ಇನ್ನೂ ಆಳಕ್ಕೆ ಬಣ್ಣದ ಕೊಕ್ಕರೆ. ಅದರಾಚೆ ರಾಜಹಂಸ. ಕಾಲಿಗೆ ನೆಲ ಸಿಗದಲ್ಲಿ ಬಾತುಗಳು: ಸೂಜಿಬಾಲದ ಬಾತು, ಚಲುಕ ಬಾತು, ನಮ್ಮ ಊರಿನದೇ ಆದ ವರಟೆ. ತಲೆ ಕೆಳಗೆ, ಬಾಲ ಆಕಾಶಕ್ಕೆ.

ಬಣ್ಣದ ಕೊಕ್ಕರೆಗೂ ರಾಜಹಂಸಕ್ಕೂ ಗೊಂದಲ ಬಹಳ. ವಾಟ್ಸ್ಯಾಪಿನಲ್ಲಿ "ನಮ್ಮೂರಿಗೆ ರಾಜಹಂಸ ಬಂದಾವ" ಅಂತ ಬರುವ ಫೋಟೋಗಳಲ್ಲಿ ಎಷ್ಟೋ ಬಣ್ಣದ ಕೊಕ್ಕರೆಗಳೇ. ಬಣ್ಣದ ಕೊಕ್ಕರೆಗೂ ಬಾಲದ ಹತ್ತಿರ ಗುಲಾಬಿ ಗರಿ ಇರುತ್ತವೆ, ತಪ್ಪು ಆಗುವುದು ಅಲ್ಲೇ. ಕೊಕ್ಕು ನೋಡಿ. ಉದ್ದ, ಹಳದಿ, ತುದಿಗೆ ಸ್ವಲ್ಪ ಬಾಗು, ಮುಖ ಕಿತ್ತಳೆ ಬಣ್ಣ ಇದ್ದರೆ ಕೊಕ್ಕರೆ. ಕೊಕ್ಕು ಗಿಡ್ಡ, ದಪ್ಪ, ನಡುವೆ ಮುರಿದು ಕೆಳಗೆ ಬಗ್ಗಿಸಿದ ಹಾಗೆ, ತುದಿ ಕಪ್ಪು ಇದ್ದರೆ ರಾಜಹಂಸ. ಆ ಕೊಕ್ಕನ್ನು ಅದು ತಲೆಕೆಳಗೆ ಮಾಡಿ ನೀರಲ್ಲಿ ಇಡುತ್ತದೆ. ನಾಲಿಗೆಯಿಂದ ನೀರು ಎಳೆದು ಹೊರಗೆ ತಳ್ಳಿ, ಜರಡಿ ಹಿಡಿದ ಹಾಗೆ ಸಣ್ಣ ಜೀವಗಳನ್ನು ಒಳಗೆ ಉಳಿಸಿಕೊಳ್ಳುತ್ತದೆ. ಆ ತಿಂಡಿಯಿಂದಲೇ ಮೈಗೆ ಗುಲಾಬಿ ಬಣ್ಣ. ಹಿಂಡಿನಲ್ಲಿ ಬೂದು ಬಣ್ಣದವೂ ಕಾಣುತ್ತವೆ, ಕಾಯಿಲೆ ಅಂದುಕೊಳ್ಳಬೇಡಿ. ಅವು ಮರಿಗಳು, ಬಣ್ಣ ಬರಲು ಕೆಲವು ವರ್ಷ ಬೇಕು. ಮರಿ ಮಾಡುವುದು ಗುಜರಾತಿನ ಕಛ್‌ನ ರಣದಲ್ಲಿ, ಇಲ್ಲಿಗೆ ಬರುವುದು ಊಟಕ್ಕೆ.

ಎಲ್ಲ ಹಕ್ಕಿಗಳೂ ಒಮ್ಮೆಲೇ ಗಾಬರಿಯಾಗಿ ಎದ್ದರೆ ನೀರು ನೋಡಬೇಡಿ, ಮೇಲೆ ನೋಡಿ. ಜೌಗು ಸೆಳೆವ ಅನ್ನುವ ಬೇಟೆ ಹಕ್ಕಿ ರೆಕ್ಕೆಯನ್ನು ವಿ ಅಕ್ಷರದ ಹಾಗೆ ಎತ್ತಿ ತೇಲುತ್ತಾ ಬಂದಿರುತ್ತದೆ. ನೂರಕ್ಕೆ ಎಂಬತ್ತು ಸಲ ಅದೇ ಕಾರಣ. ಉಳಿದ ಇಪ್ಪತ್ತು ಸಲ ಕಾರಣ ಮೊಬೈಲ್ ಹಿಡಿದು ಓಡಿದ ಯಾರೋ ಹುಡುಗ.

ನಡೆಯುವುದಕ್ಕಿಂತ ಕೂರುವುದು

ನಡಿಗೆ ಅಂತ ಹೆಸರೇ ಹೊರತು ನಾನು ಎರಡು ಕಿಲೋಮೀಟರಿಗಿಂತ ಜಾಸ್ತಿ ನಡೆಯುವುದಿಲ್ಲ. ಸೂರ್ಯ ಬೆನ್ನಿಗೆ ಇರುವ ಹಾಗೆ ಜಾಗ ಆರಿಸಿಕೊಳ್ಳುತ್ತೇನೆ. ಬೆಳಗ್ಗೆ ಮುಖ ಪಶ್ಚಿಮಕ್ಕೆ ಇರಬೇಕು. ಉಲ್ಟಾ ನಿಂತರೆ ಎಲ್ಲ ಹಕ್ಕಿಯೂ ಕರಿ ನೆರಳು. ಹಕ್ಕಿಯ ಕಡೆ ನೇರ ಹೋಗುವುದಿಲ್ಲ, ಓರೆಯಾಗಿ, ಬೇರೆಲ್ಲೋ ಹೊರಟವನ ಹಾಗೆ ಹೋಗುತ್ತೇನೆ. ಅವು ತಿನ್ನುವುದು ನಿಲ್ಲಿಸಿ ಕತ್ತು ಎತ್ತಿದರೆ ಅಲ್ಲಿಗೇ ನಿಲ್ಲುತ್ತೇನೆ. ಇನ್ನೊಂದು ಹೆಜ್ಜೆ ಇಟ್ಟರೆ ಏಳುತ್ತವೆ. ದೂರದ ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ದಿನಗಳಿವು. ಒಂದು ಫೋಟೋಗೋಸ್ಕರ ಎಬ್ಬಿಸಿದರೆ ಅವುಗಳ ಡೀಸೆಲ್ ನಾವು ಸುಟ್ಟ ಹಾಗೆ. ಡ್ರೋನ್ ತಂದವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನೀರು ಇಳಿದಾಗ ಮುಳುಗಡೆಯಾದ ಹಳೇ ಮನೆಗಳ ಪಾಯ, ಕಟ್ಟೆಗಳು ಅಲ್ಲಲ್ಲಿ ಮೇಲೆ ಬರುತ್ತವೆ. ನಾನು ಕೂರುವುದು ಅಂಥ ಒಂದು ಕಟ್ಟೆಯ ಮೇಲೆ. ಯಾರ ಮನೆಯದೋ. ಬಾಗಿಲಿನ ಹೊಸ್ತಿಲು ಕಲ್ಲು ಇನ್ನೂ ಇದೆ. ಹೋದ ಜನವರಿಯಲ್ಲಿ ಕಂಬಳಿ ಹೊದ್ದು ಅಲ್ಲಿ ಅರ್ಧ ಗಂಟೆ ಅಲ್ಲಾಡದೆ ಕೂತಿದ್ದೆ. ಲಿಟಲ್ ಸ್ಟಿಂಟ್ ಅನ್ನುವ ಗುಬ್ಬಿಯಷ್ಟೇ ದೊಡ್ಡ ಹಕ್ಕಿಗಳು, ಹದಿನೈದಿಪ್ಪತ್ತು, ಕೆಸರಿನಲ್ಲಿ ಹೆಕ್ಕುತ್ತಾ ನನ್ನ ಕಡೆಗೇ ಬಂದವು. ಕೊಕ್ಕು ಹೊಲಿಗೆ ಮಷೀನಿನ ಸೂಜಿ. ಟಕಟಕ ನಾಲ್ಕು ಚುಚ್ಚು, ಎರಡು ಹೆಜ್ಜೆ ಓಟ, ಮತ್ತೆ ನಾಲ್ಕು ಚುಚ್ಚು. ಒಂದು ಬಂದು ಹೊಸ್ತಿಲು ಕಲ್ಲಿನ ಮೇಲೆ ನಿಂತಿತು. ನನ್ನಿಂದ ಎರಡು ಮಾರು. ಕರಿ ಕಾಲು, ಒಂದು ಬೆರಳಿಗೆ ಕೆಸರು ಮೆತ್ತಿತ್ತು. ಅದನ್ನು ಕೊಕ್ಕಿನಿಂದ ಬಿಡಿಸಿಕೊಂಡಿತು. ಆಮೇಲೆ ಹೊಸ್ತಿಲು ದಾಟಿ, ಹಿಂದೆ ಪಡಸಾಲೆ ಇದ್ದಿರಬಹುದಾದ ಜಾಗಕ್ಕೆ ಹೋಗಿ ಹೆಕ್ಕತೊಡಗಿತು. ಭೂಮಿಯ ಉತ್ತರದ ತುದಿಯಲ್ಲಿ, ಹಿಮಪ್ರದೇಶದಲ್ಲಿ ಹುಟ್ಟುವ ಹಕ್ಕಿ ಅದು. ತೂಕ ಒಂದು ಮುಷ್ಟಿ ಚುರುಮುರಿಯಷ್ಟು.

ಎಣಿಸುವುದು, ಬರೆಯುವುದು

ಕಂಡಕ್ಟರ್ ಆದವನು ಮುಂದಿನ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಬಸ್ಸಿನಲ್ಲಿ 54 ಜನ ಅಂತ ಹೇಳಬಲ್ಲ. ಹಕ್ಕಿಗೂ ಅದೇ ಉಪಾಯ. ಹಿಂಡಿನ ಒಂದು ತುದಿಯಲ್ಲಿ ಹತ್ತನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿದೆ ನೋಡಿಕೊಳ್ಳಿ. ಅದೇ ಅಳತೆಯನ್ನು ಹಿಂಡಿನ ಮೇಲೆ ಇಡುತ್ತಾ ಹೋಗಿ. ದೊಡ್ಡ ಹಿಂಡಾದರೆ ಐವತ್ತರ ಅಳತೆ.

ಇಷ್ಟು ಅನುಭವ ಇದ್ದೂ ನಾನು ಮೋಸ ಹೋಗಿದ್ದೇನೆ. ಒಂದು ಹಿಂಡು ಸೂಜಿಬಾಲದ ಬಾತು ನೋಡಿ 400 ಅಂದೆ. ಜೊತೆಗಿದ್ದ ಅಕ್ಕನ ಮಗ ಫೋಟೋ ತೆಗೆದು, ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಚುಕ್ಕಿ ಇಟ್ಟು ಎಣಿಸಿದ. "ಮಾಮಾ, 617 ಅದಾವ" ಅಂದ. ತಪ್ಪು ಎಲ್ಲಾಯಿತು ಅಂತ ನನಗೆ ಕೂಡಲೇ ಗೊತ್ತಾಯಿತು. ರಶ್ ಬಸ್ಸಿನಲ್ಲೂ ನಿಂತವರ ಮಧ್ಯೆ ಕೂತ ಮಕ್ಕಳು ಲೆಕ್ಕಕ್ಕೆ ಸಿಗುವುದಿಲ್ಲ. ನೆಲಮಟ್ಟದಿಂದ ನೋಡಿದರೆ ಮುಂದಿನ ಬಾತಿನ ಹಿಂದೆ ಇನ್ನೊಂದು ಮರೆಯಾಗಿರುತ್ತದೆ. ಆಮೇಲಿಂದ ಆದಷ್ಟು ಎತ್ತರದ ದಿಬ್ಬದಿಂದ ಎಣಿಸುತ್ತೇನೆ.

ಲೆಕ್ಕವನ್ನು ಇ-ಬರ್ಡ್ ಅನ್ನುವ, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಆ್ಯಪಿಗೆ ಹಾಕಿ. ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿಯೂ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಹೆಬ್ಬಾತಿನ ಕತ್ತು ಮತ್ತು ಕಾಲನ್ನು ಬಿಡದೆ ನೋಡಿ. ಮಂಗೋಲಿಯಾದಲ್ಲಿ ಅವುಗಳ ಕತ್ತಿಗೆ ಅಕ್ಷರ, ಅಂಕಿ ಬರೆದ ಬಣ್ಣದ ಪಟ್ಟಿ ಹಾಕಿರುತ್ತಾರೆ. ಅಂಥವು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ ಮತ್ತು ಬರಹ ಬರೆದುಕೊಂಡು ಮುಂಬೈಯ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ತಿಳಿಸಿದರೆ ಅದು ಎಲ್ಲಿಂದ ಹೊರಟದ್ದು ಅಂತ ಗೊತ್ತಾಗುತ್ತದೆ. ನನಗೆ ಇನ್ನೂ ಒಂದೂ ಸಿಕ್ಕಿಲ್ಲ. ಹೆಬ್ಬಾತು ಹತ್ತಿರದಿಂದ ನೋಡಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಒಂದು ದಿನ ಹೋಗಿ ಬನ್ನಿ. 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆಗೆ ಅದಕ್ಕೂ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗುಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ.

ಮಾರ್ಚ್ ನಂತರ ಹೋದರೆ ಕಾಲ ಕೆಳಗೆ ನೋಡಿ ನಡೆಯಿರಿ. ನೀರ ಮೇಲೆ ಹಾರಾಡಿ ಮೀನು ಹಿಡಿಯುವ ನದಿ ರೀವ, ಟಿಟ್ಟಿಭ ಬಯಲಲ್ಲೇ ಮೊಟ್ಟೆ ಇಡುತ್ತವೆ, ಹರಳುಕಲ್ಲಿನ ಹಾಗೆ ಇರುತ್ತವೆ. ಹಕ್ಕಿ ತಲೆ ಮೇಲೆ ಎರಗಿ ಬಂದರೆ ಗೂಡು ಹತ್ತಿರದಲ್ಲೇ ಇದೆ ಅಂತ ತಿಳಿದು ಬಂದ ದಾರಿಯಲ್ಲೇ ಹಿಂದೆ ಹೋಗಿ.

ಹತ್ತು ಗಂಟೆಗೆ ಬಿಸಿಲು ಏರಿ ದೂರದ್ದೆಲ್ಲ ಕುದಿಯುವ ಹಾಗೆ ಕಾಣುತ್ತದೆ. ದುರ್ಬೀನು ಚೀಲಕ್ಕೆ ಹಾಕುವ ಹೊತ್ತು ಅದು. ಗಾಡಿ ಇದ್ದರೆ ಕೊರ್ತಿ-ಕೊಲ್ಹಾರ ಸೇತುವೆ ದಾಟಿ ಕೊಲ್ಹಾರಕ್ಕೆ ಹೋಗಿ, ಗಡಿಗೆ ಮೊಸರು ತಂದು ರೊಟ್ಟಿಗೆ ಹಚ್ಚಿ. ಬೂಟಿನ ಕೆಸರು ಒಣಗುವ ಮೊದಲೇ ತೊಳೆಯಿರಿ. ಎರೆಮಣ್ಣು ಒಣಗಿದರೆ ಉಳಿ ಬೇಕಾಗುತ್ತದೆ.

ಮನೆಗೆ ಬಂದು ನಾನು ಬರೆಯುವುದು ಇಷ್ಟೇ, ಕಂಡಕ್ಟರ್ ಪ್ರತಿ ಟ್ರಿಪ್ಪಿಗೆ ಬರೆಯುವ ಹಳೇ ವೇ ಬಿಲ್ಲಿನ ರೂಢಿಯಲ್ಲಿ. ಹೋದ ಜನವರಿಯ ಒಂದು ಹಾಳೆ ಹೀಗಿದೆ:

ಭಾನುವಾರ, ಹೆರಕಲ್ ದಡ. ಬಂದದ್ದು 6.25, ಬಿಟ್ಟದ್ದು 10.05. ಗಾಳಿ ಇಲ್ಲ, ಸ್ವಲ್ಪ ಮಂಜು. ಗೂಟದಿಂದ ನೀರಿಗೆ 31 ಹೆಜ್ಜೆ. ಹೆಬ್ಬಾತು 86, ಹೊಲದ ಕಡೆಯಿಂದ ಬಂದವು. ರಾಜಹಂಸ 140, ಅದರಲ್ಲಿ ಬೂದು 22. ಚಕ್ರವಾಕ 2. ಮೆಟ್ಟುಗಾಲು 60ರ ಮೇಲೆ. ಸ್ಟಿಂಟ್ 18, ಕಟ್ಟೆಯ ಹತ್ತಿರ. ಸೆಳೆವ 1, ಎರಡು ಸಲ ಎಬ್ಬಿಸಿತು. ಷರಾ: ನೀರು ಹಳೇ ಜಾಗದಿಂದ ಹಿಂದೆ ಸರಿದಿದೆ. ಚಪ್ಪಲಿ ಹುಡುಕಿದೆ, ಸಿಗಲಿಲ್ಲ.